‘ಇಂಡಸ್ಟ್ರಿಯಲ್ ಡಿಸೈನರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಇಟಲಿಯ ಅಕಿಲೆ ಕಾಸ್ತಿಲ್ಯೋನಿ (1918–2002) ಬಗ್ಗೆ ಬಳ್ಳಾರಿಯ ಐಟಿಐ ಹುಡುಗರಿಗಾಗಿ ಒಂದು ಚಿಕ್ಕ ಲೇಖನ ಬರೆಯುತ್ತಿದ್ದೇನೆ. ಮಿಲಾನ್‌ನಲ್ಲಿ ಆರ್ಕಿಟೆಕ್ಚರ್ ಓದಿದವರು, ಹೆಸರಾಗಿದ್ದು ಕುರ್ಚಿ, ಸ್ಟೂಲು, ದೀಪಗಳಿಂದ. ಅವರ ಕಸುಬಿಗೆ ಏನು ಹೆಸರು?

‘ಕೈಗಾರಿಕಾ ವಿನ್ಯಾಸಕ’ ಅಂದರೆ ಈ ಕಡೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಣ್ಣಿಗೆ ಬರುತ್ತದೆ. ಬರೀ ‘ಡಿಸೈನರ್’ ಅಂದರೆ ಜೀನ್ಸ್ ಪ್ಯಾಂಟು. ‘ವಸ್ತುವಿನ್ಯಾಸಕ’ ಚೆನ್ನಾಗಿದೆ, ಆದರೆ ವಿಮರ್ಶಕರು ಕಾದಂಬರಿಯ ಕಥೆ ಹೆಣೆಯುವ ರೀತಿಗೆ ‘ವಸ್ತುವಿನ್ಯಾಸ’ ಎನ್ನುತ್ತಾರೆ. ಸಾಲದ್ದಕ್ಕೆ ಅರ್ಧ ಜನ ಅದನ್ನು ‘ವಾಸ್ತು’ ಎಂದೇ ಓದುತ್ತಾರೆ!

‘ಬಡಗಿ’, ‘ಕುಶಲಕರ್ಮಿ’ ಕೂಡ ಹೊಂದುವುದಿಲ್ಲ. ಕಿನ್ನಾಳದ ಚಿತ್ರಗಾರರು ಮರ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಬಳಿದು ಗೊಂಬೆ ಮುಗಿಸುತ್ತಾರೆ. ಯೋಚಿಸುವವರೂ ಅವರೇ, ಮಾಡುವವರೂ ಅವರೇ. ಕಾಸ್ತಿಲ್ಯೋನಿ ಕೆಲಸ ಹಾಗಲ್ಲ. ಇವರು ನಕ್ಷೆ ಬರೆದು, ಮಾದರಿ ಮಾಡಿ ತಿದ್ದುತ್ತಿದ್ದರು. ಸಾವಿರಗಟ್ಟಲೆ ತಯಾರಿಸುತ್ತಿದ್ದದ್ದು ಕಾರ್ಖಾನೆ. 1968ರಲ್ಲಿ ತಮ್ಮ ಅಣ್ಣ ಪಿಯೆರ್ ಜಾಕೊಮೊ ಜೊತೆ ಟೇಬಲ್ ದೀಪದ ವೈರಿನ ನಡುವೆ ಕೂರುವ ಒಂದು ಸಣ್ಣ ಸ್ವಿಚ್ಚು ಮಾಡಿದರು. ಅದನ್ನು ಕೊಳ್ಳುವ ಜನಕ್ಕೆ ಮಾಡಿದವರು ಯಾರೆಂದು ಗೊತ್ತಿರಲಿಲ್ಲ. ಕಾಸ್ತಿಲ್ಯೋನಿಗೆ ಅದೇ ಖುಷಿ! ಹಾಗಾಗಿ ‘ಕಲಾವಿದ’ ಎನ್ನಲೂ ನನಗೆ ಮನಸ್ಸಿಲ್ಲ. ಸದ್ಯಕ್ಕೆ ‘ಬಳಕೆ ಸಾಮಾನುಗಳ ವಿನ್ಯಾಸಗಾರ’ ಎಂದು ಬರೆದಿದ್ದೇನೆ. ಉದ್ದ ಜಾಸ್ತಿಯಾಯಿತು, ಅಲ್ವಾ?

ಇನ್ನೊಂದು, ಅವರ ‘ಆರ್ಕೊ’ ದೀಪ. ಇದೂ ಅಣ್ಣ ತಮ್ಮ ಸೇರಿ ಮಾಡಿದ್ದು, 1962ರಲ್ಲಿ. ಚಾವಣಿಗೆ ತೂತು ಕೊರೆಯದೆ ಊಟದ ಮೇಜಿನ ಮೇಲೆ ಬೆಳಕು ಬೀಳಬೇಕು. ಅದಕ್ಕೇ ನೆಲದಿಂದ ಎದ್ದು ಬಾಗಿದ ಉದ್ದನೆಯ ಉಕ್ಕಿನ ಕಮಾನು, ತುದಿಯಲ್ಲಿ ದೀಪ. ಅದು ಮಗುಚದಂತೆ ಕೆಳಗೆ ಸುಮಾರು 65 ಕಿಲೋ ತೂಕದ ಕರಾರಾ ಅಮೃತಶಿಲೆ. ಆ ಕಲ್ಲಿಗೊಂದು ತೂತು. ಅಂದಕ್ಕಲ್ಲ, ಪೊರಕೆ ಕೋಲು ತೂರಿಸಿ ಇಬ್ಬರು ಎತ್ತಲಿಕ್ಕೆ! ಈ ಕಲ್ಲನ್ನು ‘ಪೀಠ’ ಎಂದರೆ ಮಠ ನೆನಪಾಗುತ್ತದೆ. ‘ಬುಡಗಲ್ಲು’ ನಡೆಯುತ್ತದೆಯೇ? ಕಲ್ಲಿನ ಕೆಲಸದವರ ಬಾಯಲ್ಲಿ ಬೇರೆ ಪದವಿದ್ದರೆ ಅದೇ ಬೇಕು.

ಅವರ ‘ಮೆಜಾದ್ರೊ’ ಸ್ಟೂಲಿನ ಹೆಸರು ಇನ್ನೂ ಸ್ವಾರಸ್ಯದ್ದು. ಟ್ರ್ಯಾಕ್ಟರಿನ ತಗಡಿನ ಸೀಟು, ಅದರಡಿ ಬಾಗಿದ ಒಂದೇ ಪಟ್ಟಿ, ಕೆಳಗೆ ಅಡ್ಡ ಮರದ ತುಂಡು. ಅಷ್ಟೇ. 1957ರಲ್ಲಿ ಯೋಚಿಸಿದ್ದನ್ನು ಕಂಪನಿಯೊಂದು ತಯಾರಿಸಲು 1970ರ ಆಸುಪಾಸು ಆಯಿತು. ಟ್ರ್ಯಾಕ್ಟರ್ ಸೀಟಿನ ಮೇಲೆ ಸೋಫಾದಂತೆ ಕೂರುವುದನ್ನು ಯಾರು ಒಪ್ಪುತ್ತಾರೆ! ಇಟಾಲಿಯನ್‌ನಲ್ಲಿ ಮೆಜಾದ್ರೊ ಅಂದರೆ ಬೇರೆಯವರ ಹೊಲ ಉತ್ತು, ಬೆಳೆಯಲ್ಲಿ ಅರ್ಧ ಪಾಲು ಪಡೆಯುವ ರೈತ. ‘ಗೇಣಿದಾರ’ ಸರಿಹೋಗದು, ಗೇಣಿ ಎಂದರೆ ಗೊತ್ತುಮಾಡಿದ ಬಾಡಿಗೆಯೂ ಆಗುತ್ತದೆ. ‘ಲಾವಣಿ’ಗೆ, ಅಂದರೆ ಗುತ್ತಿಗೆಗೆ, ಹಾಕಿಕೊಂಡವನೂ ಅಲ್ಲ. ‘ಪಾಲಿಗೆ ಮಾಡುವವನು’ ಎನ್ನುವುದು ಹತ್ತಿರ. ಇದನ್ನೇ ಒಂದೇ ಪದದಲ್ಲಿ ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆಯವರು ಏನಂತಾರೆ? ಸಿರುಗುಪ್ಪದವರೂ ಹೇಳಿ.