ಸಹಾಯ ಬೇಕು: ಮಗಳಿಗೆ ನಾಣ್ಯದ ಲೆಕ್ಕ ಕಲಿಸುವುದು ಹೇಗೆ?

ನಮಸ್ಕಾರ. ಮಗಳು ಒಂದನೇ ಕ್ಲಾಸು. 100ರವರೆಗೆ ಸರಾಗವಾಗಿ ಎಣಿಸುತ್ತಾಳೆ. ಆದರೆ 5 ರೂಪಾಯಿಯ ಒಂದು ನಾಣ್ಯಕ್ಕಿಂತ 1 ರೂಪಾಯಿಯ ಮೂರು ನಾಣ್ಯವೇ ಜಾಸ್ತಿ ಅಂತಾಳೆ! 1 ಮತ್ತು 2 ರೂಪಾಯಿ ಎರಡೂ ಸ್ಟೀಲಿನವು, ನನಗೇ ಒಮ್ಮೊಮ್ಮೆ ಗೊಂದಲ. 20ರ ನಾಣ್ಯಕ್ಕೆ 12 ಮೂಲೆ ಇದೆಯಲ್ವಾ, ಅದೊಂದನ್ನು ಥಟ್ಟನೆ ಗುರುತಿಸುತ್ತಾಳೆ. ಅಂಗಡಿಯಲ್ಲಿ ನೋಡಿ ಕಲಿಯಲಿ ಅಂದರೆ, ನಾವು ಕೊಡುವುದೆಲ್ಲ ಫೋನಿನಲ್ಲೇ. ಸ್ಕ್ಯಾನ್ ಮಾಡಿದರೆ ಸಾಮಾನು ಬರುತ್ತದೆ ಅಂದುಕೊಂಡಿದ್ದಾಳೆ.

ಸದ್ಯಕ್ಕೆ 5ರ ನಾಣ್ಯದ ಪಕ್ಕ ಐದು ಹುಣಸೆ ಬೀಜ ಇಟ್ಟು ತೋರಿಸುತ್ತಿದ್ದೇನೆ. ಪ್ಲಾಸ್ಟಿಕ್ ಆಟದ ದುಡ್ಡು ಬೇಡ, ನಿಜವಾದ ಚಿಲ್ಲರೆಯೇ ವಾಸಿ ಅನಿಸುತ್ತದೆ. ಬಾಕಿ ಚಿಲ್ಲರೆ ವಾಪಸ್ ಪಡೆಯುವ ಲೆಕ್ಕ ಈಗಲೇ ಶುರು ಮಾಡಬಹುದಾ, ಇಲ್ಲ ಕಾಯಬೇಕಾ? ನಲಿಕಲಿ ತರಗತಿಯ ಟೀಚರ್‌ಗಳು ಯಾರಾದರೂ ಇದ್ದರೆ, ನೀವು ಆಡಿಸುವ ಆಟ ದಯವಿಟ್ಟು ತಿಳಿಸಿ.