ಜಂಟಿ ಹೆಸರಿನ ಮನೆ, ಒಬ್ಬರ ಖಾತೆಯಿಂದ ಕಂತು: ಬಡ್ಡಿಯ ಕಡಿತ ಯಾರಿಗೆ?

ಕುಕ್ಕರಹಳ್ಳಿ_ವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ. ನಮ್ಮ ಯಜಮಾನರು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. 2025ರ ಏಪ್ರಿಲ್ ಮೊದಲ ವಾರದಲ್ಲಿ ನಾವಿಬ್ಬರೂ ಸೇರಿ ಇಲ್ಲಿಯೇ ಒಂದು ಫ್ಲ್ಯಾಟ್ ಕೊಂಡೆವು, ಈಗ ಅದರಲ್ಲೇ ವಾಸವಾಗಿದ್ದೇವೆ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ, ಆದರೆ ಯಾರ ಪಾಲು ಎಷ್ಟೆಂದು ಬರೆದಿಲ್ಲ. 62 ಲಕ್ಷ ರೂಪಾಯಿ ಸಾಲಕ್ಕೆ ಅವರು ಮೊದಲ ಅರ್ಜಿದಾರರು, ನಾನು ಸಹ-ಅರ್ಜಿದಾರಳು. ಕಂತು ಪೂರ್ತಿಯಾಗಿ ಅವರ ಸಂಬಳದ ಖಾತೆಯಿಂದ ಹೋಗುತ್ತದೆ. ಮನೆಖರ್ಚು, ಮಗನ ಶಾಲೆಯ ಫೀಸು, ಅತ್ತೆಯವರ ಔಷಧ, ಇವೆಲ್ಲ ನನ್ನ ಸಂಬಳದಲ್ಲಿ ನಡೆಯುತ್ತವೆ.

2025-26ನೇ ಸಾಲಿಗೆ ಬ್ಯಾಂಕು ಕೊಟ್ಟ ಪ್ರಮಾಣಪತ್ರದಲ್ಲಿ ಬಡ್ಡಿ 5,40,000 ರೂಪಾಯಿ, ಅಸಲು 1,18,000 ರೂಪಾಯಿ ಎಂದಿದೆ. ಕಂತು ಯಾರ ಖಾತೆಯಿಂದ ಹೋಗುತ್ತದೆಯೋ ಅವರಿಗೆ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಕಡಿತ ಸಿಗುತ್ತದೆ ಎಂದು ಯಜಮಾನರ ಕಚೇರಿಯ ಲೆಕ್ಕವಿಭಾಗದವರು ಹೇಳಿದ್ದಾರೆ. ಇಬ್ಬರೂ ತಲಾ 2 ಲಕ್ಷ ತೋರಿಸಬಹುದು ಎಂಬುದು ನನ್ನ ಸಹೋದ್ಯೋಗಿಯ ಮಾತು. ಮನೆಯ ಭಾರವನ್ನು ಇಬ್ಬರೂ ಹೊರುತ್ತಿರುವಾಗ ಕಾನೂನಿನ ಕಣ್ಣಿಗೆ ನನ್ನ ಪಾಲು ಕಾಣುವುದೇ ಇಲ್ಲವೇ ಎಂಬುದು ನನ್ನನ್ನು ಕಾಡುತ್ತಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಹಾಸನದ_ಆಡಿಟರ್:

ಮೇಡಂ, ನಿಮ್ಮ ಸಹೋದ್ಯೋಗಿ ಹೇಳಿದ್ದು ಬಹುಮಟ್ಟಿಗೆ ಸರಿ. 1961ರ ಆದಾಯ ತೆರಿಗೆ ಕಾಯಿದೆಯ 26ನೇ ಸೆಕ್ಷನ್ ಪ್ರಕಾರ, ಒಂದು ಮನೆಗೆ ಇಬ್ಬರು ಅಥವಾ ಹೆಚ್ಚು ಮಂದಿ ಮಾಲೀಕರಿದ್ದು ಅವರವರ ಪಾಲು ನಿಶ್ಚಿತವಾಗಿದ್ದರೆ, ಆ ಮನೆಯ ಆದಾಯವನ್ನಾಗಲಿ ನಷ್ಟವನ್ನಾಗಲಿ ಪ್ರತಿಯೊಬ್ಬರ ಲೆಕ್ಕದಲ್ಲೂ ಪಾಲಿಗೆ ತಕ್ಕಂತೆ ಬೇರೆಬೇರೆಯಾಗಿಯೇ ಹಿಡಿಯಬೇಕು. ಸ್ವಂತ ವಾಸದ ಮನೆಯ ಬಡ್ಡಿಗೆ 24(ಬಿ) ಅಡಿಯಲ್ಲಿರುವ 2 ಲಕ್ಷದ ಮಿತಿಯನ್ನು ಹಾಕಿರುವುದು ವ್ಯಕ್ತಿಗೆ, ಮನೆಗಲ್ಲ. ಕ್ರಯಪತ್ರದಲ್ಲಿ ಪಾಲು ನಮೂದಿಸದಿದ್ದಾಗ ಸಾಮಾನ್ಯವಾಗಿ ಸಮಪಾಲು ಎಂದೇ ಹಿಡಿಯುತ್ತಾರೆ. ಆದ್ದರಿಂದ ತಲಾ 2,70,000 ರೂಪಾಯಿ ಬಡ್ಡಿ ನಿಮ್ಮಿಬ್ಬರ ಪಾಲಿಗೆ ಬರುತ್ತದೆ, ಅದರಲ್ಲಿ ತಲಾ 2 ಲಕ್ಷಕ್ಕೆ ಕಡಿತ ಸಿಗುತ್ತದೆ. ಮಿತಿ ಮೀರಿದ 70,000 ರೂಪಾಯಿಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಬರುವುದಿಲ್ಲ.

ಆದರೆ ಇದಕ್ಕೆ ಮಾಲೀಕತ್ವ, ಸಾಲ ಎರಡರಲ್ಲೂ ಹೆಸರಿರಲೇಬೇಕು. ತಂದೆಯ ಹೆಸರಿನಲ್ಲಿರುವ ಮನೆಯ ಸಾಲವನ್ನು ಎಂಟು ವರ್ಷ ತಾವೇ ತೀರಿಸಿದ ಮಗನೊಬ್ಬರು ನನ್ನಲ್ಲಿಗೆ ಬಂದಿದ್ದರು. ಕ್ರಯಪತ್ರದಲ್ಲಿ ಅವರ ಹೆಸರೇ ಇರಲಿಲ್ಲವಾದ್ದರಿಂದ ಒಂದು ರೂಪಾಯಿಯ ಕಡಿತವನ್ನೂ ತೋರಿಸಲು ಆಗಲಿಲ್ಲ. ಈ ಪ್ರಶ್ನೆ ತೀರ್ಮಾನವಾಗುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. ರಿಟರ್ನ್ ಸಲ್ಲಿಸುವ ಹೊತ್ತಿಗೆ ಅದು ಮುಗಿದ ಕಥೆಯಾಗಿರುತ್ತದೆ. ಈ ವರ್ಷ 50:50, ಮುಂದಿನ ವರ್ಷ 80:20 ಎಂದು ಅನುಕೂಲಕ್ಕೆ ತಕ್ಕಂತೆ ಪಾಲು ಬದಲಿಸಲು ಹೋಗಬೇಡಿ.

ಶರಾವತಿ_ತೀರ:

ಹಿರಿಯರು ಹೇಳಿದ್ದಕ್ಕೆ ಕಂತಿನ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲೂ ಇದೇ ತೊಡಕು ಬಂದಿತ್ತು. 24(ಬಿ) ಮಾತಾಡುವುದು ಪಾವತಿಸಬೇಕಾದ ಬಡ್ಡಿಯ ಬಗ್ಗೆ. ಸಾಲದ ಅಸಲಿನ ಮರುಪಾವತಿಗೆ ಕಡಿತ ಕೊಡುವ 80ಸಿ ಸೆಕ್ಷನ್ ಕೇಳುವುದು ನೀವು ನಿಜವಾಗಿ ಪಾವತಿಸಿದ ಹಣವನ್ನು. ಹಾಗಾಗಿ ಬಡ್ಡಿಯ ವಿಷಯದಲ್ಲಿ, ಸಹ-ಸಾಲಗಾರಳಾಗಿ ಆ ಸಾಲದ ಹೊಣೆ ನಿಮ್ಮ ಮೇಲೂ ಇದೆ ಎಂದು ವಾದಿಸಲು ಅವಕಾಶವಿದೆ. ಅಸಲಿನ ವಿಷಯದಲ್ಲಿ ನಿಮ್ಮ ಹಣ ಸಾಲಕ್ಕೆ ಹೋಗಿರುವುದು ದಾಖಲೆಯಲ್ಲಿ ಕಾಣಬೇಕು. ನೀವು ಫೀಸು ಕಟ್ಟಿದ್ದರಿಂದಲೇ ಅವರಿಗೆ ಕಂತು ಕಟ್ಟಲು ಸಾಧ್ಯವಾಯಿತು ಎಂಬುದು ಮನೆಯೊಳಗೆ ಎಲ್ಲರೂ ಒಪ್ಪುವ ಸತ್ಯವೇ ಆದರೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದಕ್ಕೆ ಸಾಕ್ಷಿ ಇರುವುದಿಲ್ಲ.

ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಒಂದು ಜಂಟಿ ಖಾತೆ ತೆರೆದು, ಸಂಬಳ ಬಂದ ಮರುದಿನವೇ ಇಬ್ಬರ ಖಾತೆಯಿಂದಲೂ ಅರ್ಧರ್ಧ ಕಂತು ಅದಕ್ಕೆ ತಾನಾಗಿ ಸೇರುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟೆವು. ಕಂತು ಅಲ್ಲಿಂದ ಹೋಗುತ್ತದೆ. ಕಳೆದುಹೋದ ತಿಂಗಳುಗಳಿಗೆ ಇದು ಅನ್ವಯಿಸದು, ಆದರೆ ಮುಂದೆ ಅನುಮಾನಕ್ಕೆ ಎಡೆ ಇರುವುದಿಲ್ಲ. ಇನ್ನೊಂದು ಮಾತು: ನೋಂದಣಿಗೆ ಕಟ್ಟಿದ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವೂ, ಕಟ್ಟಿದ ವರ್ಷದಲ್ಲಿ, 80ಸಿಯ 1,50,000 ರೂಪಾಯಿ ಮಿತಿಯೊಳಗೆ ಬರುತ್ತದೆ. ಅದರಲ್ಲಿ ನಿಮ್ಮ ಹಣವಿದ್ದರೆ ಆ ರಸೀದಿ ಹುಡುಕಿ ತೆಗೆದಿಡಿ. ಆದರೆ ಐದು ವರ್ಷದೊಳಗೆ ಮನೆ ಮಾರಿದರೆ 80ಸಿಯಲ್ಲಿ ಪಡೆದ ಈ ಕಡಿತಗಳು ಮಾರಿದ ವರ್ಷದ ಆದಾಯಕ್ಕೆ ಮರಳಿ ಸೇರುತ್ತವೆ.

ಗಣಿತ_ಮೇಷ್ಟ್ರು:

ಇಷ್ಟೆಲ್ಲ ಮಾತಾಡುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯೊಂದು ಉಳಿದಿದೆ. ನಿಮ್ಮಿಬ್ಬರ ಸಂಬಳ ಎಷ್ಟು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದೀರೋ ಹೊಸದರಲ್ಲೋ? ಹೊಸ ಪದ್ಧತಿಯಲ್ಲಿ ತೆರಿಗೆಯ ದರ ಕಡಿಮೆ, ಆದರೆ ಸ್ವಂತ ವಾಸದ ಮನೆಯ ಬಡ್ಡಿಗೂ 80ಸಿಗೂ ಕಡಿತವೇ ಇಲ್ಲ.

ಕುಕ್ಕರಹಳ್ಳಿ_ವಾಸಿ:

ಯಜಮಾನರದ್ದು ವರ್ಷಕ್ಕೆ 18 ಲಕ್ಷ, ನನ್ನದು 11 ಲಕ್ಷ. ಇಬ್ಬರಿಗೂ ಬೇರೆ ಆದಾಯವಿಲ್ಲ. ಸಾಲವಿರುವುದರಿಂದ ಹಳೆಯ ಪದ್ಧತಿಯೇ ಲಾಭ ಎಂದು ನಾವು ನಂಬಿದ್ದೆವು, ಲೆಕ್ಕ ಮಾಡಿ ನೋಡಿರಲಿಲ್ಲ.

ಗಣಿತ_ಮೇಷ್ಟ್ರು:

ಹಾಗಾದರೆ ಲೆಕ್ಕ ಹಾಕೋಣ. ನಿಮ್ಮ ಯಜಮಾನರಿಗೆ ಹಳೆಯ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ಕಡಿತ), 2 ಲಕ್ಷ ಬಡ್ಡಿ, 1,50,000 ರೂಪಾಯಿ 80ಸಿ, ಎಲ್ಲವನ್ನೂ ಪೂರ್ತಿಯಾಗಿ ಕಳೆದರೂ 14 ಲಕ್ಷ ಉಳಿಯುತ್ತದೆ. ಅದಕ್ಕೆ ಸೆಸ್ ಸೇರಿ ತೆರಿಗೆ 2,41,800 ರೂಪಾಯಿ. ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಮಾತ್ರ ಕಳೆದು 17,25,000 ರೂಪಾಯಿಗೆ ಲೆಕ್ಕ ಹಾಕಿದರೂ 2025-26ರ ದರದಲ್ಲಿ ಬರುವುದು 1,50,800 ರೂಪಾಯಿ. ನಿಮ್ಮದು ಇನ್ನೂ ಸ್ಪಷ್ಟ. ಹಳೆಯದರಲ್ಲಿ ಎಲ್ಲ ಕಡಿತ ಕಳೆದು 7 ಲಕ್ಷಕ್ಕೆ 54,600 ರೂಪಾಯಿ ಕಟ್ಟಬೇಕು. ಹೊಸದರಲ್ಲಿ ನಿಮ್ಮ ತೆರಿಗೆಯೋಗ್ಯ ಆದಾಯ 10,25,000 ಆಗುತ್ತದೆ, 12 ಲಕ್ಷದವರೆಗಿನ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ.

ಬಡ್ಡಿಯ ಕಡಿತವನ್ನು ಇಬ್ಬರೂ ಪೂರ್ತಿಯಾಗಿ ಪಡೆದುಕೊಂಡರೂ ಹಳೆಯ ಪದ್ಧತಿಯಲ್ಲಿ ನಿಮ್ಮ ಮನೆ ಒಟ್ಟು 1,45,600 ರೂಪಾಯಿ ಹೆಚ್ಚು ಕಟ್ಟಬೇಕಾಗುತ್ತದೆ. ನಿಮ್ಮ ಯಜಮಾನರಿಗೆ ಹಳೆಯದು ಹೊಸದಕ್ಕೆ ಸಮವಾಗಬೇಕಾದರೆ ಇವುಗಳ ಮೇಲೆ ಇನ್ನೂ ಸುಮಾರು 2,92,000 ರೂಪಾಯಿಯ ಕಡಿತ ಬೇಕು. ಬೇರೆ ಊರಿನಲ್ಲಿ ಬಾಡಿಗೆಗಿದ್ದು ಮನೆ ಬಾಡಿಗೆ ಭತ್ಯೆಯ ವಿನಾಯಿತಿಯನ್ನೂ ಪಡೆಯುವವರಿಗೆ ಅದು ಸಾಧ್ಯವಾಗಬಹುದು, ಸ್ವಂತ ಮನೆಯಲ್ಲೇ ವಾಸಿಸುವವರಿಗೆ ಬಹಳ ಕಷ್ಟ. ಕಚೇರಿಯಲ್ಲಿ ಹಳೆಯ ಪದ್ಧತಿಯಂತೆ ಟಿಡಿಎಸ್ (ಸಂಬಳದಲ್ಲೇ ಮುಂಚಿತವಾಗಿ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೂ ಚಿಂತೆಯಿಲ್ಲ. ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಿ, ಹೆಚ್ಚಾಗಿ ಹೋದ ಹಣವನ್ನು ಮರಳಿ ಪಡೆಯಬಹುದು.

ಕುಕ್ಕರಹಳ್ಳಿ_ವಾಸಿ:

ಈ ಅಂಕಿಗಳನ್ನು ಇಬ್ಬರೂ ಕೂತು ಎರಡು ಸಲ ಕೂಡಿ ನೋಡಿದೆವು, ನೀವು ಹೇಳಿದಂತೆಯೇ ಬಂದಿತು. ತುಂಬ ಉಪಕಾರವಾಯಿತು. ಕೊನೆಯದಾಗಿ ಒಂದು ಸಂದೇಹ: ಮುಂದೆ ಯಜಮಾನರಿಗೆ ಬೆಂಗಳೂರಿಗೆ ವರ್ಗವಾಗಿ ನಾವು ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ಹೊಸ ಪದ್ಧತಿಯಲ್ಲಿ ಬಡ್ಡಿ ಲೆಕ್ಕಕ್ಕೆ ಬರುತ್ತದೆಯೇ?

ಹಾಸನದ_ಆಡಿಟರ್:

ಬರುತ್ತದೆ, ಆದರೆ ಬಾಡಿಗೆಯ ಮಟ್ಟಿಗೆ ಮಾತ್ರ. ತಿಂಗಳಿಗೆ 22,000 ಬಾಡಿಗೆ ಬಂದರೆ ವರ್ಷಕ್ಕೆ 2,64,000. ಮನೆಕಂದಾಯವನ್ನು ಬಿಟ್ಟು ಹೇಳುವುದಾದರೆ, ಅದರಲ್ಲಿ ಕಾಯಿದೆಯೇ ಕೊಡುವ ಶೇ. 30ರ ಕಡಿತ ಕಳೆದು ಉಳಿಯುವ 1,84,800ರಲ್ಲಿ ತಲಾ 92,400 ರೂಪಾಯಿ ನಿಮ್ಮ ಪಾಲಿಗೆ. ನಿಮ್ಮ ಪಾಲಿನ ಬಡ್ಡಿ ಅದನ್ನು ಪೂರ್ತಿ ನುಂಗಿಹಾಕುವುದರಿಂದ ಬಾಡಿಗೆಗೆ ತೆರಿಗೆ ಬೀಳುವುದಿಲ್ಲ. ಮಿಕ್ಕ ಬಡ್ಡಿಯನ್ನು ಹೊಸ ಪದ್ಧತಿಯಲ್ಲಿ ಸಂಬಳದ ಎದುರು ಕಳೆಯಲಾಗದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದಿರುವುದರಿಂದ ಮುಂದಿನ ಸಾಲಿಗೆ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. 2025-26ರ ರಿಟರ್ನ್‌ಗೆ ಹಳೆಯ ಸಂಖ್ಯೆಗಳೇ ಅನ್ವಯಿಸುತ್ತವೆ. ಬಾಡಿಗೆಗೆ ಕೊಡುವಾಗ ಕರಾರುಪತ್ರವನ್ನು ಇಬ್ಬರ ಹೆಸರಿನಲ್ಲೂ ಮಾಡಿಸಿ, ಬಾಡಿಗೆ ಆ ಜಂಟಿ ಖಾತೆಗೇ ಬರಲಿ.