ಜಾಶಿಕಿ ವಾರಾಶಿ ಹೋಗಿದ್ದಕ್ಕೆ ಮನೆ ಹಾಳಾಯಿತೇ?

ಪುಸ್ತಕದಹುಳ: ಜಪಾನಿನ ಇವಾತೆ ಪ್ರಾಂತ್ಯದ ಜಾಶಿಕಿ ವಾರಾಶಿ ಎಂಬ ಈ ಮಗುರೂಪದ ಮನೆದೈವವನ್ನು ಜನ ಬರೀ 'ಮುದ್ದು ದೆವ್ವ' ಮಾಡಿಬಿಟ್ಟಿದ್ದಾರೆ. ಸಾಸಾಕಿ ಕಿಜೆನ್ ಹೇಳಿ, ಜಾನಪದ ತಜ್ಞ ಯಾನಾಗಿತಾ ಕುನಿಯೊ ಬರೆದ 1910ರ ಕಥಾಸಂಗ್ರಹ 'ತೋನೋ ಮೊನೊಗಾತಾರಿ' ನೋಡಿ. 17ನೇ ಕಥೆಯಲ್ಲಿ ತಾಯಿ ಒಬ್ಬಳೇ ಹೊಲಿಗೆ ಹಾಕುತ್ತಿರುತ್ತಾಳೆ. ಪಕ್ಕದ ಕೋಣೆಯಲ್ಲಿ ಕಾಗದ ಸರಸರ ಎನ್ನುತ್ತದೆ. ಅದು ಯಜಮಾನನ ಕೋಣೆ, ಆತ ಟೋಕಿಯೊದಲ್ಲಿದ್ದಾನೆ. ತೆರೆದು ನೋಡಿದರೆ ಯಾರೂ ಇಲ್ಲ. ಮತ್ತೆ ಕೂತರೆ ಮೂಗು ಸೊರ್ ಎಂದು ಎಳೆದುಕೊಳ್ಳುವ ಸದ್ದು! ಈ ದೈವ ಇರುವಷ್ಟು ದಿನ ಮನೆಗೆ ಸಿರಿ, ಹೊರಟರೆ ಹಾಳು. 18ರಲ್ಲಿ ಮಾಗೊಜಾಎಮೊನ್ ಎಂಬವನ ಮನೆಯಿಂದ ಹೊರಟ ಇಬ್ಬರು ಹುಡುಗಿಯರು, ಅಂದರೆ ಆ ಮನೆಯ ಜಾಶಿಕಿ ವಾರಾಶಿಗಳು, ಸೇತುವೆ ಹತ್ತಿರ ಕಂಡರು, ಆಮೇಲೆ ಆ ಮನೆಯೇ ಮುಗಿಯಿತು.

ಕರಿಹಂಚು: ಆ ಮನೆ ಮುಗಿಸಿದ್ದು ಅಣಬೆ, ಸ್ವಾಮಿ! 19ನೇ ಕಥೆ ಓದಿ. ಪಿಯರ್ ಹಣ್ಣಿನ ಮರದ ಸುತ್ತ ಗುರುತಿಲ್ಲದ ಅಣಬೆ ಎದ್ದಿತ್ತು. ನೀರಿಗೆ ಹಾಕಿ ಸೆಣಬಿನ ಕಡ್ಡಿಯಲ್ಲಿ ಚೆನ್ನಾಗಿ ತಿರುವಿದರೆ ಏನೂ ಆಗಲ್ಲ ಅಂತ ಆಳೊಬ್ಬ ಹೇಳಿದ, ಎಲ್ಲರೂ ತಿಂದರು. ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಟದ ಗುಂಗಿನಲ್ಲಿ ಊಟಕ್ಕೆ ಬರದ 7 ವರ್ಷದ ಹುಡುಗಿ ಮಾತ್ರ ಉಳಿದಳು. ಕಡ್ಡಿಯಲ್ಲಿ ತಿರುವಿದರೆ ವಿಷ ಹೋಗಲ್ಲ. ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗಲ್ಲ.

ಶರಾವತಿ_ತೀರ: ಇಬ್ಬರೂ ಒಂದು ಬಿಟ್ಟಿರಿ. ಸಾವಿನ ಗದ್ದಲದಲ್ಲೇ ನೆಂಟರು, ನೆಂಟರಲ್ಲದವರು ಎಲ್ಲ ಬಂದು 'ಸಾಲ ಕೊಟ್ಟಿದ್ದೆವು, ಮಾತಾಗಿತ್ತು' ಅಂತ ಸಾಮಾನು ಹೊತ್ತುಕೊಂಡು ಹೋದರು. ಅಡುಗೆಯ ಮಿಸೊ (ಸೋಯಾ ಹಿಟ್ಟು) ಕೂಡ ಬಿಡಲಿಲ್ಲ! ಊರಿನ ದೊಡ್ಡ ಮನೆ ಬಿದ್ದದ್ದಕ್ಕೆ ಊರವರೇ ಆಮೇಲೆ ಕಟ್ಟಿದ ಕಾರಣ ಆ ಹುಡುಗಿಯರು ಅಂತ ನನ್ನ ವಾದ.

ಕರಿಹಂಚು: ಈ ನಂಬಿಕೆಗೆ ಅದಕ್ಕಿಂತ ಕಹಿಯಾದ ಬೇರೂ ಇದೆ. ಬಡತನಕ್ಕೆ ಕೊಂದ ಕೂಸುಗಳನ್ನು ದೊಮಾದಲ್ಲಿ, ಅಂದರೆ ಅಡುಗೆ ಒಲೆಯಿರುವ ಮಣ್ಣುನೆಲದಲ್ಲಿ, ಹೂಳುತ್ತಿದ್ದರು, ಅವೇ ಜಾಶಿಕಿ ವಾರಾಶಿ ಆದವು ಎನ್ನುತ್ತಾರೆ. ಸಾಸಾಕಿ 1920ರಲ್ಲಿ ಪ್ರತ್ಯೇಕವಾಗಿ ಸಂಗ್ರಹಿಸಿದ್ದರಲ್ಲಿ ಈ ದೈವಗಳ ದರ್ಜೆಗಳೂ ಇವೆ: ಬೆಳ್ಳಗೆ ಚೆಂದವಿರುವ ಚೊಪಿರಾಕೊ ಮೇಲಿನದು, ದೊಮಾದಿಂದ ತೆವಳಿ ಬರುವ ನೊತಾಬಾರಿಕೊ ಕೆಳಗಿನದು.

ಪುಸ್ತಕದಹುಳ: ಎಲ್ಲದಕ್ಕೂ ಶಿಶುಹತ್ಯೆ ಅಂಟಿಸಬೇಡಿ. ಇವಾತೆಯದೇ ನಿನೊಹೆ ಊರಿನ ಕಿಂದಾಇಚಿ ಬಿಸಿನೀರಿನ ಬುಗ್ಗೆಯ ರ್ಯೊಕುಫುಸೊ ವಸತಿಗೃಹದ ಜಾಶಿಕಿ ವಾರಾಶಿ ಕಾಮೆಮಾರೊ, ಅಲ್ಲಿನ ಹೇಳಿಕೆಯಂತೆ, ಕಾಯಿಲೆಯಿಂದ ತೀರಿಕೊಂಡ 6 ವರ್ಷದ ಹುಡುಗ. ಜನ ಗೊಂಬೆ, ಆಟಿಕೆ ತಂದಿಡುತ್ತಾರೆ. 2009ರಲ್ಲಿ ಆ ಮನೆ ಸುಟ್ಟರೂ 2016ರಲ್ಲಿ ಮತ್ತೆ ತೆರೆಯಿತು.

ಶರಾವತಿ_ತೀರ: ದೈವ ಇದ್ದೂ ಬೆಂಕಿ ಬಿತ್ತಲ್ಲ ಸರ್! ನಿಮ್ಮ 'ಇದ್ದರೆ ಸಿರಿ' ಲೆಕ್ಕಕ್ಕೆ ಇದನ್ನು ಎಲ್ಲಿ ಬರೆಯುತ್ತೀರಿ?

ಪುಸ್ತಕದಹುಳ: ಯಾರೂ ಸಾಯಲಿಲ್ಲ, ಮೇಡಂ. ಭಕ್ತರು ಬರೆದುಕೊಳ್ಳುವುದು ಅದನ್ನೇ.